ನಮ್ಮವರು ತೋರಿಸಿದ ತೋಟ

ತೋಟಕ್ಕೆ ಹೋದವರು ಮೊದಲು ಹೂವು ನೋಡುತ್ತಾರೆ. ಮಕ್ಕಳು ಜೊತೆಗಿದ್ದರೆ ಜೋಕಾಲಿ ಎಲ್ಲಿದೆ ಎಂದು ನೋಡುತ್ತಾರೆ. ನನ್ನ ವಯಸ್ಸಿನವರಾದರೆ ನೆರಳಿಗಿರುವ ಬೆಂಚು ಹುಡುಕುತ್ತಾರೆ. ನಾನು ಮಾತ್ರ ಹೊರಬಾಗಿಲು ಎಷ್ಟಿವೆ ಎಂದು ನೋಡುತ್ತೇನೆ. ಒಂದೇ ಇದ್ದರೆ ಜೀವಕ್ಕೆ ಸಮಾಧಾನ. ಎರಡಿದ್ದರೆ ಎರಡೂ ಕಣ್ಣಿಗೆ ಬೀಳುವಂಥ ಜಾಗ ನೋಡಿ ಕೂಡುತ್ತೇನೆ. ಮೊನ್ನೆ ಮಗಳು ವೃಂದಾ ತನ್ನ ಕೂಸನ್ನು ಕಟ್ಟಿಕೊಂಡು ಪುಣೆಯ ನಮ್ಮ ಹಡಪಸರದ ಹೊಸ ಪಾರ್ಕಿಗೆ ಹೊರಟಳು, ನಾನೂ ಹಿಂದೆ ಹೋದೆ. ಒಳಗೆ ಕಾಲಿಟ್ಟವಳೇ ವಾಚ್‌ಮನ್‌ನನ್ನು ನಿಲ್ಲಿಸಿ, ಆ ಕಡೆ ಇನ್ನೊಂದು ಗೇಟು ಇದೆಯೇನಪ್ಪಾ ಎಂದು ನನ್ನ ಬಾಗಲಕೋಟೆ ಮರಾಠಿಯಲ್ಲಿ ಕೇಳಿದೆ. ಅವನು ನನ್ನ ಮುಖ ನೋಡಿ, "ಕಾಯ್ ಆಜಿ, ಬಂದ ಕೂಡಲೇ ಹೊರಟಿರಾ?" ಎಂದ.

ವೃಂದಾ ನಕ್ಕಳು. ಅವಳ ಪಾಲಿಗೆ ಇದು ಮುದುಕಿಯ ಚಾಳಿ. ಚಾಳಿಯೇ, ಇಲ್ಲವೆನ್ನುವುದಿಲ್ಲ. ಆದರೆ ಈ ಚಾಳಿಗೆ ಒಂದು ಊರಿದೆ. ಅದು ಇಟಲಿಯ ಫ್ಲಾರೆನ್ಸ್.

ಇಟಲಿ ಎಂದ ಕೂಡಲೇ ನನ್ನನ್ನು ದೇಶ ಸುತ್ತಿದವಳು ಎಂದುಕೊಳ್ಳಬೇಡಿ. ಮದುವೆಯಾಗಿ ಪುಣೆಗೆ ಬಂದ ಮೇಲೆ ನಾನು ಸುತ್ತಿದ್ದೆಲ್ಲ ತವರಿಗೆ ಹೋಗುವ ಬಸ್ಸಿನ ದಾರಿ ಮಾತ್ರ. ಸುತ್ತಿದವರು ನಮ್ಮವರು, ಅದೂ ಒಂದೇ ಸಲ. ಕುರಕುಂಭದ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ಬೆಳಿಗ್ಗೆ ಸೋಲಾಪುರ ರಸ್ತೆಯಲ್ಲಿ ಕಂಪನಿ ಬಸ್ಸು ಹತ್ತಿದರೆ ಸಂಜೆ ಅಂಗಿಯ ತುಂಬ ಔಷಧದ ವಾಸನೆ ಹೊತ್ತು ಇಳಿಯುತ್ತಿದ್ದರು. ತೊಂಬತ್ತರ ದಶಕದ ನಡುವಿನಲ್ಲಿ ಕಾರ್ಖಾನೆಯವರು ಇಟಲಿಯಿಂದ ದೊಡ್ಡ ಯಂತ್ರವೊಂದನ್ನು ತರಿಸಿದರು. ಅದನ್ನು ನಡೆಸುವುದನ್ನು ಕಲಿತು ಬಾ ಎಂದು ಇವರನ್ನು ಫ್ಲಾರೆನ್ಸಿಗೆ ಒಂದು ತಿಂಗಳು ಕಳಿಸಿದರು.

ಆ ಕಾಲಕ್ಕೆ ಫಾರಿನ್‌ನಿಂದ ಬಂದವರು ಸೆಂಟು ತರುತ್ತಿದ್ದರು, ಚಾಕೊಲೇಟು ತರುತ್ತಿದ್ದರು. ನಮ್ಮವರು ಒಂದು ತೋಟ ತಂದರು. ಅದರ ಹೆಸರು ಬೊಬೊಲಿ. ಅಲ್ಲಿನ ದೊರೆಗಳ ಅರಮನೆಯ ಹಿಂದೆ ಗುಡ್ಡವನ್ನೇ ಕಡಿದು ಮಾಡಿದ ಹಳೆಯ ತೋಟ. ಊಟ ಒಗ್ಗದೆ, ಮಾತು ತಿಳಿಯದೆ, ಭಾನುವಾರಗಳನ್ನು ಎಲ್ಲಿ ಕಳೆಯಬೇಕೋ ಗೊತ್ತಾಗದೆ ಬ್ರೆಡ್ಡು, ಬಾಳೆಹಣ್ಣು ಹಿಡಿದು ಅಲ್ಲಿ ಹೋಗಿ ಕೂತಿರುತ್ತಿದ್ದರಂತೆ. ಒಂದು ರೋಲ್ ಫೋಟೋ ಕೂಡ ತೆಗೆದಿದ್ದರು. ಪುಣೆಯ ಕ್ಯಾಂಪ್ ಬಡಾವಣೆಯ ಸ್ಟುಡಿಯೋದಲ್ಲಿ ತೊಳೆಸಿದಾಗ ಹೆಚ್ಚಿನವು ಬೆಳ್ಳಗೆ ಬಂದವು. ನೆಟ್ಟಗೆ ಬಂದ ಒಂದರಲ್ಲಿ ಒಂದಿಷ್ಟು ಬೇಲಿ, ಉಳಿದದ್ದೆಲ್ಲ ಅವರ ಹೆಬ್ಬೆರಳು.

ಆದ್ದರಿಂದ ತೋಟವನ್ನು ಊಟದ ಟೇಬಲ್ಲಿನ ಮೇಲೆ ಕಟ್ಟಿ ತೋರಿಸಬೇಕಾಯಿತು. ಚಟ್ನಿಪುಡಿ ಡಬ್ಬಿ ಅರಮನೆ. ಅದರ ಹಿಂದೆ ಎರಡು ತಾಟುಗಳು ಏರುತ್ತ ಹೋಗುವ ಮೆಟ್ಟಿಲು. ಮೇಲೆ ನೀರಿನ ಬಟ್ಟಲು ಒಂದು ಕೊಳ. ಆ ಕಡೆ ಇಳಿಜಾರಿನಲ್ಲಿ ಎರಡು ಸಾಲು ಚಮಚಗಳು, ಅವು ಸೈಪ್ರೆಸ್ ಮರ. ಕೊನೆಗೆ ಮೊಸರಿನ ಪಾತ್ರೆ, ಅದು ನಡುವೆ ದ್ವೀಪವಿರುವ ದೊಡ್ಡ ಕೊಳ, ಸುತ್ತಲೂ ನಿಂಬೆಗಿಡದ ಕುಂಡಗಳು. ಅಷ್ಟು ಹೊತ್ತಿಗೆ ಅನ್ನ ಆರಿರುತ್ತಿತ್ತು.

"ಅಲ್ಲೆ ಒಂದ್ ಎಲಿನೂ ತನ್ನ ಮನಸ್ಸಿಗೆ ಬಂದಂಗ ಬೆಳಿಯಂಗಿಲ್ಲ ನೋಡು," ಎನ್ನುತ್ತಿದ್ದರು.

"ಹಂಗಾದ್ರ ಥೇಟ್ ನಿಮ್ಮ ಮನಿನ ಆತು," ಎನ್ನುತ್ತಿದ್ದೆ ನಾನು.

ಅದು ಬರೀ ಚೇಷ್ಟೆಯ ಮಾತಲ್ಲ. ನಮ್ಮವರು ಕರವಸ್ತ್ರವನ್ನು ಅಂಚಿಗೆ ಅಂಚು ಕೂಡಿಸಿ ಮಡಚುವವರು, ಚಪ್ಪಲಿಗಳನ್ನು ಸಾಲಾಗಿ ಗೋಡೆಗೆ ಮುಖ ಮಾಡಿ ನಿಲ್ಲಿಸುವವರು. ಅವರು ಹುಟ್ಟಿದ್ದು ಇಂಡಿ ತಾಲೂಕಿನ ಕಡೆಯ ಕರಿಮಣ್ಣಿನ ಹಳ್ಳಿಯಲ್ಲಿ. ಅಲ್ಲಿ ಹಸಿರೆಂದರೆ ಒಂದು ಬೇವಿನಮರ, ಅದು ಬಿಟ್ಟರೆ ಜಾಲಿ. ಗುಡ್ಡದ ತುದಿಗೆ ಆ ಕಾಲದಲ್ಲಿ ನೀರು ಹೇಗೆ ಏರಿಸಿದರೋ ಎನ್ನುವುದೇ ಅವರಿಗೆ ದೊಡ್ಡ ಬೆರಗು. ಇಟಲಿಯಿಂದ ಬಂದ ವಾರದಲ್ಲೇ ಬಾಲ್ಕನಿಯ ತುಳಸಿಯನ್ನು ಕತ್ತರಿಯಿಂದ ಸವರಿ ಗುಂಡಗೆ ಮಾಡಿಟ್ಟರು. ನನಗೆ ಸಿಟ್ಟು ಬಂದು, "ತುಳಸವ್ವನ ಕೂದಲಾ ಕತ್ತರಿಸ್ತೀರೇನು?" ಎಂದು ಜಗಳಾಡಿದೆ. ತುಳಸವ್ವ ಮಾತ್ರ ಒಂದೇ ತಿಂಗಳಲ್ಲಿ ನಾಕು ದಿಕ್ಕಿಗೆ ಕೈ ಚಾಚಿ ನನ್ನ ಪಕ್ಷ ವಹಿಸಿದಳು.

ನೆರೆಮನೆಯ ಜೋಶಿ ಬಾಯಿ ಒಮ್ಮೆ ಗುಟ್ಟಾಗಿ ಕೇಳಿದರು, ನಿಮ್ಮವರು ದಿನಾ ಊಟಕ್ಕೆ ಕೂತಾಗ ಬೊಂಬಿಲ್ ಬೊಂಬಿಲ್ ಎನ್ನುತ್ತಾರಲ್ಲ, ಯಾವಾಗಿನಿಂದ ಶುರುಮಾಡಿದಿರಿ ಎಂದು. ಬೊಬೊಲಿ ಅವರ ಕಿವಿಗೆ ಹಾಗೆ ಬಿದ್ದಿತ್ತು; ಬೊಂಬಿಲ್ ಎಂದರೆ ಮರಾಠಿಯಲ್ಲಿ ಒಂದು ಜಾತಿಯ ಮೀನು. ಈರುಳ್ಳಿಯನ್ನೂ ವಾರ ನೋಡಿ ತಿನ್ನುವ ಮನೆಗೆ ಬಂದ ಆ ಅಪವಾದ ತೊಳೆಯಲು ನಾನು ಜೋಶಿ ಬಾಯಿಯನ್ನೂ ಟೇಬಲ್ಲಿನ ಮುಂದೆ ಕೂಡಿಸಿ ಚಮಚ ಜೋಡಿಸಬೇಕಾಯಿತು. ಆವತ್ತು ಗೊತ್ತಾಯಿತು, ನನಗೂ ಆ ತೋಟದ ದಾರಿ ಬಾಯಿಪಾಠವಾಗಿದೆ ಎಂದು.

ಭಾನುವಾರ ನಾವು ರೇಸ್‌ಕೋರ್ಸಿನ ಹಿಂದಿನ ಎಂಪ್ರೆಸ್ ಗಾರ್ಡನ್ನಿಗೆ ಹೋಗುತ್ತಿದ್ದೆವು. ಅಲ್ಲಿ ಬಳ್ಳಿಗಳು ಆನೆಯ ಸೊಂಡಿಲಿನಷ್ಟು ದಪ್ಪವಾಗಿ ಮರದಿಂದ ಮರಕ್ಕೆ ಹಬ್ಬಿವೆ. ನನಗೆ ಅದು ಭಾಳ ಸೇರುತ್ತಿತ್ತು. ನಮ್ಮವರು ಮಾತ್ರ, "ಇಲ್ಲೆ ಗಿಡಾ ತಮಗ ಬೇಕಾದಂಗ ನಿಂತಾವ," ಎಂದು ಗೊಣಗುತ್ತ ನಡೆಯುವರು. ಆಮೇಲೆ ಕ್ಯಾಂಪಿನಲ್ಲಿ ಕುಂದಾಪುರದವರ ಹೋಟೆಲಿನಲ್ಲಿ ದೋಸೆ ತಿಂದು ಮನೆಗೆ. ದಾರಿಯಲ್ಲಿ ಒಂದು ಮಾತು ಬಂದೇ ಬರುತ್ತಿತ್ತು: "ನಿನಗ ಒಮ್ಮೆ ಆ ತೋಟ ತೋರಿಸ್ಬೇಕು." ನಾನು "ನೋಡೋಣಂತ" ಎನ್ನುತ್ತಿದ್ದೆ. ಮಗಳ ಓದು, ಅವಳ ಮದುವೆ, ನನ್ನ ಮೊಣಕಾಲು, ಒಂದಾದ ಮೇಲೊಂದು ಬಂದು ಆ ಮಾತು ದಾರಿಯಲ್ಲೇ ಉಳಿಯಿತು.

ರಿಟೈರ್ ಆದ ಮರುವರ್ಷ ಮರೆವು ಶುರುವಾಯಿತು. ಮೊದಮೊದಲು ನಗುವಂಥದ್ದೇ. ಬ್ರೆಡ್ಡು ತರಲು ಹೋದವರು ಕೈಬೀಸಿಕೊಂಡು ಬಂದು, "ನೀನ ಏನೋ ಹೇಳಿದ್ದಿ," ಎನ್ನುವರು. ಕನ್ನಡಕ ಫ್ರಿಜ್ಜಿನಲ್ಲಿ ಸಿಗುವುದು. ಆ ವಯಸ್ಸಿನಲ್ಲಿ ಯಾರ ಮನೆಯಲ್ಲಿ ಸಿಗುವುದಿಲ್ಲ? ಒಂದು ದಿನ ಬೆಳಿಗ್ಗೆ ಹೊರಗೆ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಆಮೇಲೆ ಇಂದಾಪುರದ ಬಸ್ ಸ್ಟ್ಯಾಂಡಿನಿಂದ ಫೋನು ಬಂತು. ಕಿಸೆಯಲ್ಲಿದ್ದ ಹಳೆಯ ವಿಸಿಟಿಂಗ್ ಕಾರ್ಡು ನೋಡಿ ಅಲ್ಲಿನ ಕಂಟ್ರೋಲರ್ ಮನೆಗೆ ಫೋನು ಮಾಡಿದ್ದರು. ನಾನು ಬಸ್ಸು ಹಿಡಿದು ಹೋದೆ. ಕಬ್ಬಿನ ಗಾಡಿಗಳ ಧೂಳು ಮುತ್ತಿದ ಆ ಸ್ಟ್ಯಾಂಡಿನಲ್ಲಿ ನಮ್ಮವರು ಇಸ್ತ್ರಿ ಅಂಗಿ ತೊಟ್ಟು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

"ಡ್ಯೂಟಿಗೆ ಹೊಂಟಿದ್ದೆ," ಎಂದರು. "ಕುರಕುಂಭ ಬರಲೇ ಇಲ್ಲ. ಸ್ಟಾಪ್ ತಗದಾರೇನು?"

ಕುರಕುಂಭ ಎಲ್ಲಿತ್ತೋ ಅಲ್ಲೇ ಇತ್ತು. ಬರುವಾಗ ಬಸ್ಸು ಅದನ್ನು ದಾಟಿಯೇ ಬಂತು. ಅವರು ಕಿಟಕಿಯಿಂದ ಚಿಮಣಿಗಳನ್ನು ನೋಡಿದರು.

ಡಾಕ್ಟರು ಒಳ್ಳೆಯವರು. ರೋಗದ ಹೆಸರು ಹೇಳಿದ ಮೇಲೆ ಮೆಲ್ಲಗೆ ಬಿಡಿಸಿ ಹೇಳಿದರು. ಮೊದಲು ಹೊಸದು ಹೋಗುತ್ತದೆ, ಹಳೆಯದು ಇರುತ್ತದೆ. ಆಮೇಲೆ ಹಳೆಯದೂ ಹೋಗುತ್ತದೆ. ಎಲ್ಲಿಗಾದರೂ ಹೋಗಿಬರುವುದಿದ್ದರೆ ಈಗಲೇ ಹೋಗಿಬನ್ನಿ. ಅವರು ಹೇಳಿದ್ದು ಪಂಢರಪುರ, ತಿರುಪತಿ ಎಂಬ ಅರ್ಥದಲ್ಲಿ ಇರಬೇಕು. ನನಗೆ ಹೊಳೆದದ್ದು ಮಾತ್ರ ಟೇಬಲ್ಲಿನ ಮೇಲಿನ ಚಮಚಗಳು. ಇವರ ತಲೆಯಿಂದ ಆ ತೋಟ ಹೋಗುವ ಮೊದಲು ನಾವು ಆ ತೋಟಕ್ಕೆ ಹೋಗಬೇಕು ಎಂದು ಅಲ್ಲಿಯೇ ಕೂತು ನಿಶ್ಚಯಿಸಿದೆ.

ವೃಂದಾಳಿಗೆ ಸರಿ ಕಾಣಲಿಲ್ಲ. "ಅವ್ವಾ, ಹೋಗಿ ಬಂದದ್ದು ಅಪ್ಪಗ ನಾಳೆ ನೆನಪ ಇರಂಗಿಲ್ಲ. ಏನ್ ಉಪಯೋಗ ಹೇಳು?" ಎಂದಳು.

"ನನಗ ಇರ್ತದಲ್ಲ," ಎಂದೆ.

ಹೀಗೆ ಎರಡು ಸಾವಿರದ ಐದರ ಬೇಸಿಗೆಯಲ್ಲಿ ಪುಣೆಯ ಪ್ರವಾಸದ ಗುಂಪೊಂದರ ಜೊತೆ ನಾವು ಯೂರೋಪಿಗೆ ಹೊರಟೆವು. ಸೀರೆಯ ಕೆಳಗೆ ಬಿಳಿ ಕ್ಯಾನ್‌ವಾಸ್ ಬೂಟು ಹಾಕಿಕೊಂಡ ನನ್ನ ರೂಪ ನೀವು ನೋಡಬೇಕಿತ್ತು. ಬ್ಯಾಗಿನಲ್ಲಿ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ. ನಮ್ಮನ್ನು ನಡೆಸಿಕೊಂಡು ಹೋಗುವವರು ಮೀನಾತಾಯಿ ಎಂಬ ಮರಾಠಿ ಹೆಂಗಸು, ನನ್ನದೇ ವಯಸ್ಸಿನವರು, ಧ್ವನಿ ದೊಡ್ಡದು. ಅವರಿಗೆ ಒಬ್ಬರಿಗೆ ಮಾತ್ರ ನಮ್ಮವರ ಸ್ಥಿತಿ ಹೇಳಿಟ್ಟಿದ್ದೆ. ಫ್ಲಾರೆನ್ಸಿಗೆ ಬಂದ ಮೇಲೆ ನೋಡಿದರೆ ಕಾರ್ಯಕ್ರಮದಲ್ಲಿ ದೊಡ್ಡ ಚರ್ಚು ಇದೆ, ಚರ್ಮದ ಚೀಲಗಳ ಅಂಗಡಿ ಇದೆ, ತೋಟವೇ ಇಲ್ಲ. "ವಹಿನಿ, ಮಧ್ಯಾಹ್ನವೆಲ್ಲ ಶಾಪಿಂಗ್," ಎಂದರು ನನ್ನನ್ನು ಅತ್ತಿಗೆಯೆಂದೇ ಕರೆಯುತ್ತಿದ್ದ ಮೀನಾತಾಯಿ. ಶಾಪಿಂಗ್ ಮಾಡುವವರು ಮಾಡಲಿ, ನಮ್ಮನ್ನು ಅರಮನೆಯ ಬಾಗಿಲಿಗೆ ಬಿಟ್ಟು ಸಂಜೆ ಅಲ್ಲಿಂದಲೇ ಕರೆದುಕೊಂಡು ಹೋಗಿ ಎಂದು ಬೇಡಿಕೊಂಡೆ. ಅವರು ನಮ್ಮವರನ್ನೊಮ್ಮೆ ನೋಡಿ ಒಪ್ಪಿದರು.

ತೋಟದೊಳಗೆ ಕಾಲಿಟ್ಟ ಮೇಲೆ ನಡೆದದ್ದನ್ನು ನಾನು ಹೇಗೆ ಹೇಳಲಿ? ಅಷ್ಟು ದಿನ ಹೋಟೆಲಿನ ಬಚ್ಚಲು ಎಲ್ಲಿದೆ ಎಂದು ಕೇಳುತ್ತಿದ್ದ ಮನುಷ್ಯ ನನ್ನ ಮುಂದೆ ಮುಂದೆ ನಡೆದರು. ಕಲ್ಲಿನ ಮೆಟ್ಟಿಲುಗಳ ನಡುವೆ ನಿಂತ ಕಂಬವನ್ನು ತೋರಿಸಿ, "ಇದು ಈಜಿಪ್ಟಿಂದ ತಂದಾರ," ಎಂದರು. ಮೇಲಿನ ಕೊಳದಲ್ಲಿ ತ್ರಿಶೂಲ ಹಿಡಿದ ಸಮುದ್ರದೇವನ ಮೂರ್ತಿ. "ಊರ ಮಂದಿ ಇದಕ್ಕ ಫೋರ್ಕಿನ ಕಾರಂಜಿ ಅಂತಾರ," ಎಂದು ಹೇಳಿ ನಕ್ಕರು. ಗುಡ್ಡದ ನೆತ್ತಿಗೆ ಹೋದಾಗ ಇಡೀ ಊರು ಕೆಂಪು ಹೆಂಚು ಹೊದ್ದು ಕೆಳಗೆ ಮಲಗಿತ್ತು. ಚರ್ಚಿನ ಗುಮ್ಮಟ, ಅದರಾಚೆ ನೀಲಿ ಗುಡ್ಡಗಳು. ನನಗೆ ಎದುರುಸಿರು. ಅವರು ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡರು. "ನಾ ಹೇಳಿದ್ದೆ ಇಲ್ಲೊ?" ಎಂದರು. ಹೇಳಿದ್ದರು. ಒಂದೂ ಸುಳ್ಳಿರಲಿಲ್ಲ. ಚಟ್ನಿಪುಡಿ ಡಬ್ಬಿ, ಬಟ್ಟಲು, ಎಲ್ಲ ಅಲ್ಲಲ್ಲೇ ಇದ್ದವು. ಡಾಕ್ಟರ ಮಾತು ಸುಳ್ಳಾಯಿತು ಎಂದು ನನ್ನ ಹುಚ್ಚು ಮನಸ್ಸು ಒಂದು ಗಳಿಗೆ ಕುಣಿಯಿತು.

ಸೈಪ್ರೆಸ್ ಸಾಲಿನ ಇಳಿಜಾರಿನ ಹತ್ತಿರ ಒಂದು ಕಲ್ಲುಬೆಂಚಿನ ಮೇಲೆ ಕೂತು ರೊಟ್ಟಿ ತಿಂದೆವು. ಶೌಚಾಲಯದ ಬೋರ್ಡು ಅಲ್ಲೇ ಕಾಣುತ್ತಿತ್ತು. "ಇಲ್ಲೇ ಕೂಡ್ರಿ, ಬಂದೆ," ಎಂದೆ. "ಹೂಂ, ಹೋಗಿ ಬಾ," ಎಂದರು. ಬಂದು ನೋಡಿದರೆ ಬೆಂಚಿನ ಮೇಲೆ ಬ್ಯಾಗು ಇತ್ತು, ಅವರಿರಲಿಲ್ಲ.

ಮೊದಲಿಗೆ ನನಗೆ ಗಾಬರಿಯಾಗಲಿಲ್ಲ. ಗೆರೆ ಎಳೆದಂಥ ತೋಟ, ಈ ತುದಿಗೆ ನಿಂತರೆ ಆ ತುದಿ ಕಾಣುತ್ತದೆ, ಕಳೆದುಹೋಗುವುದು ಹೇಗೆ ಎಂದುಕೊಂಡೆ. ನಾಲ್ಕು ಹೆಜ್ಜೆ ನಡೆದ ಮೇಲೆ ತಿಳಿಯಿತು. ಒಂದೊಂದು ನೇರ ದಾರಿಗೂ ಎಡಬಲಕ್ಕೆ ಇನ್ನೊಂದು ನೇರ ದಾರಿ, ಅದರ ಎರಡೂ ಬದಿಗೆ ಆಳೆತ್ತರ ಬೇಲಿ, ತಿರುವಿಗೊಂದು ಬಿಳಿ ಮೂರ್ತಿ. ಎಲ್ಲ ಒಂದೇ ಥರ. ಎದುರಾದ ಕಾವಲುಗಾರನೊಬ್ಬನಿಗೆ ಮೂರು ಭಾಷೆ ಕಲಸಿ, ಕೈಯಿಂದ ಎತ್ತರ, ಕನ್ನಡಕ ಎಲ್ಲ ತೋರಿಸಿದೆ. ಅವನು ಕೆಳಗೆ ಕೈಮಾಡಿ, ಆ ಕಡೆ ರಸ್ತೆಗೆ ತೆರೆಯುವ ಇನ್ನೊಂದು ಬಾಗಿಲಿದೆ, ಮತ್ತೊಂದು ಈ ಕಡೆ ಇದೆ ಎಂದು ಸನ್ನೆಯಲ್ಲಿ ತಿಳಿಸಿದ. ನನ್ನ ಎದೆಯಲ್ಲಿ ಇಂದಾಪುರದ ಬಸ್ ಸ್ಟ್ಯಾಂಡು ಎದ್ದು ನಿಂತಿತು. ಅಲ್ಲಿ ಫೋನು ಮಾಡುವ ಪುಣ್ಯಾತ್ಮನೊಬ್ಬನಿದ್ದ. ಈ ಊರಿನಲ್ಲಿ ಯಾರು ಮಾಡುತ್ತಾರೆ?

ಓಡಿದೆ. ಕೂಗಬೇಕು, ಆದರೆ ಏನೆಂದು ಕೂಗಲಿ? ನಮ್ಮ ಕಡೆ ಗಂಡನ ಹೆಸರು ಹಿಡಿಯುವುದಿಲ್ಲ. ಮದುವೆಯಲ್ಲಿ ಅವರ ಹೆಸರನ್ನು ಒಡಪಿನ ಪದ್ಯದಲ್ಲಿ ಕಟ್ಟಿ ಹೇಳಿದ್ದೇ ಮೊದಲು, ಅದೇ ಕೊನೆ, ಆಮೇಲೆಲ್ಲ "ಏನ್ರಿ", "ಇಲ್ಲಿ ಕೇಳ್ರಿ". ಆ ಮರಗಳ ನಡುವೆ "ಏನ್ರೀ, ಏನ್ರೀ" ಎಂದು ಕೂಗಿದೆ. ಒಂದಿಬ್ಬರು ಬಿಳಿಯರು ತಿರುಗಿ ನೋಡಿದರು. ಕೊನೆಗೆ ನಾಚಿಕೆ ಬಿಟ್ಟು ಹೆಸರೇ ಕೂಗಿದೆ. "ವಾಮನರಾವ್." ನನ್ನ ಬಾಯಲ್ಲಿ ಅದು ಬೇರೆ ಯಾರದೋ ಹೆಸರಿನಂತೆ ಕೇಳಿಸಿತು. ಯಾರೂ ಓಗೊಡಲಿಲ್ಲ.

ಇಳಿಜಾರು ಮುಗಿಯುವಲ್ಲಿ ದ್ವೀಪದ ಕೊಳ. ಅದರ ದಂಡೆಗೆ, ನಿಂಬೆಗಿಡದ ಕುಂಡಗಳ ಪಕ್ಕದ ಬೆಂಚಿನ ಮೇಲೆ ಅವರು ಕೂತಿದ್ದರು. ಎರಡೂ ಕೈ ಮೊಣಕಾಲಿನ ಮೇಲೆ, ಕಣ್ಣು ನೀರಿನ ಮೇಲೆ. ನಾನು ಹೋಗಿ ಧೊಪ್ಪನೆ ಕೂತೆ, ಉಸಿರು ಹತ್ತಲಿಲ್ಲ. ಅವರು ಒಂಚೂರು ಸರಿದು ಜಾಗ ಮಾಡಿಕೊಟ್ಟರು.

"ಕೂಡ್ರಿ, ಕೂಡ್ರಿ," ಎಂದರು. "ಭಾಳ ದಣದಂಗ ಕಾಣ್ತದ."

ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಮುಖ ನೋಡಿದೆ. ಚೇಷ್ಟೆ ಇರಲಿಲ್ಲ. ಮೂವತ್ತು ವರ್ಷಕ್ಕೂ ಮೀರಿದ ಸಂಸಾರದಲ್ಲಿ ಈ ಮನುಷ್ಯ ನನಗೆ ಸಿಟ್ಟಿನಲ್ಲೂ, ಪ್ರೀತಿಯಲ್ಲೂ, ನಾಲ್ಕು ಮಂದಿಯ ಮುಂದೂ ಒಮ್ಮೆಯಾದರೂ "ರೀ" ಅಂದಿರಲಿಲ್ಲ. ಬೇರೆ ಭಾಷೆಯವರಿಗೆ ಇದು ತಿಳಿಯಲಿಕ್ಕಿಲ್ಲ. ನಿಮಗೆ ತಿಳಿಯುತ್ತದೆ.

"ಸೀರಿ ನೋಡಿ ನಮ್ಮ ಕಡ್ಯಾವ್ರ ಅಂತ ಕನ್ನಡದಾಗ ಮಾತಾಡಿದೆ. ತಪ್ಪು ತಿಳೀಬ್ಯಾಡ್ರಿ. ಯಾವೂರಾತ್ರಿ?"

"ಬಾಗಲಕೋಟಿ," ಎಂದೆ. ಬೇರೆ ಏನು ಹೇಳಬಹುದಿತ್ತು?

"ಹೌದೇನ್ರಿ? ನಮ್ಮ ಮನ್ಯಾಕಿನೂ ಬಾಗಲಕೋಟಿಯಾಕಿ." ಅವರ ಮುಖ ಅರಳಿತು. "ಪುಣೇದಾಗ ಇರ್ತೀವಿ. ಸಣ್ಣ ಮಗಳು ಇದ್ದಾಳ. ನಾ ಕಂಪನಿ ಕೆಲಸಕ್ಕ ಬಂದೀನ್ರಿ, ಬರೋ ವಾರ ಹೊಳ್ಳಿ ಹೋಗ್ತೀನಿ. ಇದನ್ನೆಲ್ಲಾ ಅಕಿಗೆ ಹೆಂಗ ಹೇಳ್ಲಿ ಅಂತ ಯೋಚನಿ ಮಾಡ್ಲಿಕತ್ತಿದ್ದೆ. ನನಗ ಮಾತ ಬರಂಗಿಲ್ರಿ. ಅಕಿಗೆ ಬರ್ತಾವ. ಅಕಿ ನೋಡಿದ್ಲಂದ್ರ ಊರಿಗೆಲ್ಲಾ ಹೇಳ್ತಾಳ. ನಾ ಒಬ್ಬನ ನೋಡಿ ಏನ್ ಮಾಡ್ಲಿ?"

ನನ್ನನ್ನು ಗುರುತಿಸಿ ಎಂದು ಹೆಗಲು ಹಿಡಿದು ಅಲುಗಾಡಿಸಬೇಕು ಎನಿಸಿತು. ಆದರೆ ಅವರ ದನಿಯಲ್ಲಿ ಎಂಥ ನೆಮ್ಮದಿಯಿತ್ತೆಂದರೆ, ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ. ಅಪರಿಚಿತಳಾಗಿಯೇ ಕೇಳಿದೆ, "ಹೆಂಗದಾರ್ರಿ ನಿಮ್ಮ ಮನಿಯವ್ರು?"

ಅವರು ಉದುರಿದ ನಿಂಬೆ ಎಲೆಯೊಂದನ್ನು ಎತ್ತಿ ಬೆಂಚಿನ ಅಂಚಿಗೆ ನೇರವಾಗಿ ಇಟ್ಟರು.

"ಲಗ್ನಾ ಆಗಿ ಬಂದ ಹೊಸದಾಗಿ ಅಕಿ ಭಾಳ ಅಳತಿದ್ಲ್ರಿ. ಊರ ನೆನಸಿ, ಹೊಳಿ ನೆನಸಿ. ನನಗ ಕೇಳಬಾರದಂತ ಬಚ್ಚಲದಾಗ ನಳಾ ಬಿಟ್ಟು ಅಳೂಕಿ. ನನಗ ಕೇಳತಿತ್ತು. ಬಾಗಲದ ಹೊರಗ ನಿಂತಿರ್ತಿದ್ದೆ. ಏನ್ ಮಾತಾಡಬೇಕು ತಿಳೀತಿದ್ದಿಲ್ಲ. ಅಕಿ ಚಿಲಕಾ ತಗಿಯೂದ್ರಾಗ ಬಂದು ಪೇಪರ್ ಹಿಡಕೊಂಡ ಕೂಡ್ತಿದ್ದೆ."

ಆ ನಳದ ಸಪ್ಪಳ ನನಗೂ ನೆನಪಿತ್ತು. ಬಚ್ಚಲಿನಿಂದ ಮುಖ ತೊಳೆದು ಬಂದರೆ ಇವರು ಪೇಪರಿನಲ್ಲಿ ಮುಖ ಹುದುಗಿಸಿ ಕೂತಿರುತ್ತಿದ್ದರು. ಎಂಥ ಕಲ್ಲು ಮನುಷ್ಯನಿಗೆ ಕೊಟ್ಟರಪ್ಪ ಎಂದು ಆಗ ಎಷ್ಟು ಸಲ ಅಂದುಕೊಂಡಿದ್ದೆನೋ. ಬಾಗಿಲಿನಾಚೆ ನಿಂತಿದ್ದರು ಎಂಬುದು ಆವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ನನ್ನ ಗಂಡ ಅದನ್ನು ನನಗೆ ಹೇಳಲಿಲ್ಲ. ಬಾಗಲಕೋಟೆಯ ಯಾರೋ ಹೆಂಗಸಿಗೆ ಹೇಳಿದರು.

"ಅಕಿನ್ನ ಕರಕೊಂಡ ಬರ್ರಿ ಇಲ್ಲೆ," ಎಂದೆ.

"ಬರ್ತೀನ್ರಿ. ತೋರಿಸ್ಬೇಕು ಅಕಿಗೆ," ಎಂದರು.

ಬಸ್ಸಿನ ಹೊತ್ತಾಗಿತ್ತು. ನಾನು ಎದ್ದು, ಅರಮನೆಯ ದಾರಿ ನನಗೆ ತಿಳಿಯುತ್ತಿಲ್ಲ, ತೋರಿಸುತ್ತೀರಾ ಎಂದು ಕೇಳಿದೆ. ಅವರು ತಟ್ಟನೆ ಎದ್ದರು. ಸಾಲುಮರದ ನಡುವೆ ಏರುತ್ತ ಹೋದೆವು. ಪರಸ್ತ್ರೀಯೊಬ್ಬಳಿಂದ ಎಷ್ಟು ದೂರ ಇರಬೇಕೋ ಅಷ್ಟು ದೂರ ಬಿಟ್ಟು ನಡೆಯುತ್ತಿದ್ದರು. ನೆತ್ತಿ ಹತ್ತಿರವಾದಾಗ ನಿಂತು ಹಿಂದಿರುಗಿ ನನ್ನನ್ನು ನೋಡಿ, ಹುಬ್ಬು ಗಂಟಿಕ್ಕಿ, "ಎಲ್ಲೆ ಹೋಗಿದ್ದಿ? ಎಷ್ಟ ಹುಡಕಸ್ತೀ ನನ್ನ?" ಎಂದು ಗದರಿದರು. ಅಷ್ಟು ಚೆಂದದ ಬೈಗುಳ ನನ್ನ ಜನ್ಮದಲ್ಲಿ ಕೇಳಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅವರ ಹಿಂದೆ ನಡೆದೆ. ಬಾಗಿಲಲ್ಲಿ ಕಾದಿದ್ದ ಮೀನಾತಾಯಿ ನನ್ನ ಕಣ್ಣು ನೋಡಿ ನೀರಿನ ಬಾಟಲಿ ಕೊಟ್ಟರು.

"ಅಪ್ಪ ಖುಷಿಯಾದ್ನೇನು?" ಎಂದು ವೃಂದಾ ಕೇಳಿದಳು. ಆದರು ಎಂದೆ. ಉಳಿದದ್ದನ್ನು ಅವಳಿಗೂ ಹೇಳಲಿಲ್ಲ.

ಆಮೇಲಿನದು ಡಾಕ್ಟರು ಹೇಳಿದ ಹಾಗೆಯೇ ನಡೆಯಿತು. ಮೊದಲು ವಾರಕ್ಕೊಮ್ಮೆ ಬರುತ್ತಿದ್ದ "ರೀ" ದಿನಕ್ಕೊಮ್ಮೆ ಬಂತು, ಕೊನೆಗೆ ಮನೆಯಲ್ಲೇ ಉಳಿಯಿತು. ನನ್ನ ಮುಂದೆ ಅಂಗಿ ಬದಲಿಸಲು ನಾಚುತ್ತಿದ್ದರು. "ನೀವು ಒಂಚೂರು ಹೊರಗ ಹೋಗ್ರಿ," ಎನ್ನುವರು. ನಾನು ಹೋಗಿ ಬಾಗಿಲಿನ ಹೊರಗೆ ನಿಲ್ಲುತ್ತಿದ್ದೆ. ಸ್ನಾನ ಮಾಡಿಸಲು ಒಬ್ಬ ಗಂಡಾಳನ್ನು ಇಟ್ಟುಕೊಂಡೆವು. ತೋಟದ ಹೆಸರು ತೆಗೆದರೂ ಅವರಿಗೆ ಹೊಳೆಯುತ್ತಿರಲಿಲ್ಲ. ಒಮ್ಮೆ ನಾನೇ ಟೇಬಲ್ಲಿನ ಮೇಲೆ ಎಲ್ಲ ಜೋಡಿಸಿ ತೋರಿಸಿದೆ. ಅವರು ಒಂದು ಚಮಚ ಎತ್ತಿ, ಒರೆಸಿ, ಡಬ್ಬಿಯೊಳಗೆ ಇಟ್ಟರು. ಎರಡು ಸಾವಿರದ ಏಳರ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಹೋದರು. ಹೋಗುವಾಗ ಬಹಳ ಕಷ್ಟಪಡಲಿಲ್ಲ.

ಅದರ ಹಿಂದಿನ ಚಳಿಗಾಲದ ಒಂದು ಬೆಳಿಗ್ಗೆ ಎಂಪ್ರೆಸ್ ಗಾರ್ಡನ್ನಿಗೆ ಆಟೋದಲ್ಲಿ ಕರೆದುಕೊಂಡು ಹೋಗಿದ್ದೆ. ಬಿಸಿಲು ಬಿದ್ದ ಬೆಂಚಿನ ಮೇಲೆ ಕೂತೆವು. ಆವತ್ತು ಅವರಿಗೆ ಮಾತಾಡುವ ಮನಸ್ಸಿತ್ತು. ಬಹಳ ಹೊತ್ತು ನನ್ನನ್ನು ನೋಡಿ, ಮರ್ಯಾದೆಯಿಂದ ಕೇಳಿದರು.

"ನಿಮ್ಮ ಮನಿಯವ್ರು ಏನ್ ಮಾಡ್ತಾರ್ರಿ?"

"ರಿಟೈರ್ ಆಗ್ಯಾರ್ರಿ."

"ಚೊಲೋ ನೋಡ್ಕೋತಾರೇನ್ರಿ ನಿಮ್ಮನ್ನ?"

"ಹೌದ್ರಿ."

"ಎಲ್ಲೆರೆ ಕರಕೊಂಡ ಹೋಗ್ತಾರೋ, ಮನ್ಯಾಗ ಕೂಡಸ್ತಾರೋ?"

"ಒಂದ್ ತೋಟ ತೋರಿಸ್ತೀನಿ ಅಂದಿದ್ರು. ದೂರ ಇತ್ರಿ. ಆದ್ರೂ ಕರಕೊಂಡ ಹೋಗಿ ತೋರಿಸಿದ್ರು."

ಅವರು ತಲೆಯಾಡಿಸಿದರು. "ಕೊಟ್ಟ ಮಾತ ಉಳಿಸಿಕೊಂಡ್ರಲ್ಲ. ಭಾಳ ಚೊಲೋ ಆತು," ಎಂದರು. ಆಮೇಲೆ ಯಾರದೋ ಮನೆಯ ಹೆಣ್ಣುಮಗಳ ಚಿಂತೆ ಕಳೆದವರಂತೆ, ಬಿಸಿಲಿಗೆ ಮುಖ ಒಡ್ಡಿ ಕಣ್ಣು ಮುಚ್ಚಿ ಕೂತರು.